ಹಿಡಿದು ಬಿಟ್ಟರೆ ದಯೆಯಾಗುವುದೇ?

ಮೋಜಿಗಾಗಿ ಗಾಳ ಹಾಕುವವರ ಸಮರ್ಥನೆಯೆಲ್ಲ ಎರಡು ಮಾತಿನಲ್ಲಿ ಮುಗಿಯುತ್ತದೆ: ಹಿಡಿ, ಬಿಡು. ಮೀನನ್ನು ಸೆಣಸಾಡಿ ದಡಕ್ಕೆಳೆದು, ತೂಗಿ, ಎದೆಗವಚಿಕೊಂಡು ಚಿತ್ರ ತೆಗೆಸಿ, ಮರಳಿ ನೀರಿಗೆ ಬಿಟ್ಟ ಮೇಲೆ ಯಾರಿಗೇನು ನಷ್ಟ ಎಂದು ಅವರು ಕೇಳುತ್ತಾರೆ. ದೆಹಲಿಯ ನಮಗೆ ರಾಮಗಂಗೆಯ ತೀರದ ಇಂಥ ಚಿತ್ರಗಳು ಹೊಸತಲ್ಲ. ಚಿತ್ರದಲ್ಲಿರುವವರೆಲ್ಲ ಓದಿದವರು, ಕಾಡು ಉಳಿಯಬೇಕೆನ್ನುವವರು. ಆದ್ದರಿಂದಲೇ ಅವರ ವಾದವನ್ನು ಗಂಭೀರವಾಗಿ ಎದುರಿಸಬೇಕಾಗಿದೆ.

ಮೊದಲು ನೋವಿನ ಪ್ರಶ್ನೆ. ಮೀನಿಗೆ ನೋವಿಲ್ಲ ಎಂಬುದು ಗಾಳದಷ್ಟೇ ಹಳೆಯ ನಂಬಿಕೆ. 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ತುಟಿಗೆ ಆಮ್ಲವನ್ನೂ ಜೇನ್ನೊಣದ ವಿಷವನ್ನೂ ಚುಚ್ಚಿ ನೋಡಿದರು. ಆ ಮೀನುಗಳು ಬಹಳ ಹೊತ್ತು ಆಹಾರ ಮುಟ್ಟಲಿಲ್ಲ. ಆಮ್ಲ ಚುಚ್ಚಿಸಿಕೊಂಡವು ತುಟಿಯನ್ನು ತಳದ ಕಲ್ಲುಗಳಿಗೆ ಉಜ್ಜಿಕೊಂಡವು. ಅದನ್ನು ನೋವೆನ್ನಬೇಕೋ ಬೇಡವೋ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ, ವಾದಿಸಲಿ. ಸಂಶಯವಿರುವಲ್ಲಿ ಅದರ ಲಾಭ ದುರ್ಬಲನಿಗೆ ಸಲ್ಲಬೇಕೆಂಬುದು ನ್ಯಾಯದ ಮೊದಲ ಪಾಠ. ಜರ್ಮನಿಯ ಕಾನೂನು ಸಕಾರಣವಿಲ್ಲದೆ ಪ್ರಾಣಿಗೆ ನೋವು ಕೊಡಬಾರದೆನ್ನುತ್ತದೆ; ಸ್ವಿಟ್ಜರ್ಲೆಂಡಿನಲ್ಲಿ ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದಕ್ಕೆ 2009ರಿಂದ ನಿಷೇಧವಿದೆ. ಅಲ್ಲಿಯ ತರ್ಕ ನಮ್ಮ ಹವ್ಯಾಸಿಗಳದಕ್ಕೆ ತದ್ವಿರುದ್ಧ. ತಿನ್ನಲು ಹಿಡಿಯುವವನಿಗೆ ಹಸಿವೆಂಬ ಕಾರಣವಿದೆ. ಬಿಡಲು ಹಿಡಿಯುವವನಿಗೆ ತನ್ನ ಸಂತೋಷವಲ್ಲದೆ ಬೇರೆ ಕಾರಣವಿಲ್ಲ. ಬೆಸ್ತರ ಬಲೆಯನ್ನು ಕ್ರೌರ್ಯವೆಂದೂ ತನ್ನ ಗಾಳವನ್ನು ದಯೆಯೆಂದೂ ಕರೆಯುವುದು ಉಳ್ಳವರ ಭಾಷೆ, ಅಷ್ಟೆ.

ಆದರೂ ಅವರ ಎರಡನೆಯ ವಾದಕ್ಕೆ ತೂಕವಿದೆ. ಕಾವೇರಿಯ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಮಹಶೀರ್ ಹಿಡಿಯುವ ಶಿಬಿರಗಳಿದ್ದ ಕಾಲದಲ್ಲಿ, ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರು ಗಾಳಗಾರರ ಮಾರ್ಗದರ್ಶಿಗಳಾದರು, ನದಿಗೆ ಕಾವಲಾದರು. ರಾಗಿಹಿಟ್ಟಿನ ಉಂಡೆ ಕಟ್ಟುವ ಕೈಗೆ ಸಂಬಳ ಸಿಕ್ಕಿದಾಗ ಸಿಡಿಮದ್ದು ಎಸೆಯುವ ಅಗತ್ಯ ಕಡಿಮೆಯಾಯಿತು. ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಗಾಳಗಾರರು ಬರೆದಿಟ್ಟ ಪುಸ್ತಕಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಮಹಶೀರ್‌ಗಳ ಲೆಕ್ಕವಿದೆ. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದ ಸಂಶೋಧಕರಿಗೆ ನದಿಯ ಸ್ಥಿತಿ ತಿಳಿದದ್ದು ಆ ಪುಸ್ತಕಗಳಿಂದಲೇ.

ಆದರೆ ಆ ಪುಸ್ತಕಗಳು ಹೇಳಿದ್ದೇನು? ಒಟ್ಟು ಮಹಶೀರ್‌ಗಳ ಸಂಖ್ಯೆ ಏರುತ್ತಿತ್ತು. ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಮಾತ್ರ ಕಾಣೆಯಾಗುತ್ತಿತ್ತು. ಹೆಚ್ಚಿದ್ದು ನೀಲಿ ರೆಕ್ಕೆಯ ಮಹಶೀರ್. ಪುಣೆ, ಮುಂಬೈ ಓದುಗರು ವಾರಾಂತ್ಯಕ್ಕೆ ಹೋಗುವ ಲೋಣಾವಳಾದಲ್ಲಿ ಟಾಟಾ ವಿದ್ಯುತ್ ಕಂಪನಿಯ ಮೀನುಮರಿ ಕೇಂದ್ರವಿದೆ. ಅಲ್ಲಿ ಬೆಳೆದ ಮರಿಗಳನ್ನು ತಂದು ಕಾವೇರಿಗೆ ಬಿಟ್ಟವರ ಉದ್ದೇಶ ಒಳ್ಳೆಯದೇ: ಮೀನು ಹೆಚ್ಚಲಿ, ಗಾಳಕ್ಕೂ ಸಿಗಲಿ. ಆದರೆ ಯಾವ ಮೀನು ಎಂದು ಕೇಳುವವರಿರಲಿಲ್ಲ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ 120 ಪೌಂಡಿನ ಮಹಶೀರ್ ಹಿಡಿದು ದಾಖಲೆ ಮಾಡಿದ್ದನ್ನು ಗಾಳಗಾರರು ಇಂದಿಗೂ ಭಕ್ತಿಯಿಂದ ನೆನೆಯುತ್ತಾರೆ. ಇಷ್ಟು ಹೆಸರಾದ ಗೂನುಬೆನ್ನಿನ ಮೀನಿಗೆ ಟಾರ್ ರೆಮಾದೇವಿ ಎಂಬ ಶಾಸ್ತ್ರೀಯ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ನಾಮಕರಣಕ್ಕೂ ಮರಣಶಯ್ಯೆಗೂ ಒಂದೇ ಮುಹೂರ್ತ! ಪ್ರೀತಿಸಿದ ಮೀನಿನ ಗುರುತೇ ಗೊತ್ತಿಲ್ಲದ ಪ್ರೀತಿಯನ್ನು ಸಂರಕ್ಷಣೆ ಎನ್ನಲಾದೀತೇ?

ಇನ್ನು ಸರ್ಕಾರ. ಕಡತದ ಭಾಷೆಯಲ್ಲೇ ಬದುಕುವ ನನಗೆ ಅದರ ದೌರ್ಬಲ್ಯ ಗೊತ್ತು: ಆದೇಶ ಹೊರಟರೆ ಕೆಲಸ ಮುಗಿಯಿತು. ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರದು. 2002ರ ತಿದ್ದುಪಡಿಯಿಂದ ಅದರ 'ಪ್ರಾಣಿ' ಎಂಬ ವ್ಯಾಖ್ಯೆಯಲ್ಲಿ ಮೀನೂ ಸೇರಿತು. ಕಾವೇರಿಯ ಆ ಭಾಗ 1987ರಿಂದಲೇ ಅಭಯಾರಣ್ಯ. ಅಭಯಾರಣ್ಯದಲ್ಲಿ ಮೋಜಿನ ಗಾಳ ಸಲ್ಲದು ಎಂದು ಕಾಯಿದೆಯನ್ನು ಅರ್ಥೈಸಿ 2012ರ ವೇಳೆಗೆ ಶಿಬಿರಗಳಲ್ಲಿ ಮೀನು ಹಿಡಿಯುವುದನ್ನು ನಿಲ್ಲಿಸಲಾಯಿತು. ಕಾನೂನಿನ ಅರ್ಥ ಸರಿಯೇ ಇರಬಹುದು. ಆದರೆ ಗಾಳವನ್ನು ಹೊರಗಿಟ್ಟವರು ಅದರೊಂದಿಗೆ ಹೋದ ಕಾವಲಿನ ಜಾಗದಲ್ಲಿ ಏನನ್ನಿಟ್ಟರು? ಸಿಡಿಮದ್ದು ಹಾಕುವವನು ಅನುಮತಿಪತ್ರ ಕೇಳಿಕೊಂಡು ಬರುವುದಿಲ್ಲ. 1897ರ ಭಾರತೀಯ ಮೀನುಗಾರಿಕೆ ಕಾಯಿದೆ ಅವನಿಗೆ ವಿಧಿಸಿದ್ದು ಎರಡು ತಿಂಗಳವರೆಗಿನ ಸೆರೆ, ಇಲ್ಲವೇ 200 ರೂಪಾಯಿವರೆಗಿನ ದಂಡ. ಒಂದು ಮಡುವಿನ ಮೀನನ್ನೆಲ್ಲ ಕ್ಷಣದಲ್ಲಿ ತೇಲಿಸುವ ಅಪರಾಧಕ್ಕೆ ಇಂಥ ದರ ಕಟ್ಟಿದ ಪರಂಪರೆ ನಮ್ಮದು.

'ನಮ್ಮಲ್ಲಿ ದೇವರ ಮೀನುಗಳಿವೆಯಲ್ಲ' ಎಂದು ಕೆಲವರು ಸಮಾಧಾನಪಡುತ್ತಾರೆ. ಶೃಂಗೇರಿಯಲ್ಲಿವೆ, ಶಿಶಿಲದಲ್ಲಿವೆ, ರಾಮನಾಥಪುರದಲ್ಲಿವೆ. ಶ್ರದ್ಧೆ ಅವುಗಳನ್ನು ತಲೆಮಾರುಗಳ ಕಾಲ ಕಾಪಾಡಿದ್ದೂ ನಿಜ. ಆದರೆ 1996ರಲ್ಲಿ ಶಿಶಿಲದ ನೀರಿಗೆ ವಿಷ ಬಿದ್ದು ಸಾವಿರಾರು ಮೀನು ಸತ್ತವು. ದೇವರ ಸನ್ನಿಧಿಗೂ ಕಾವಲುಗಾರ ಬೇಕು.

ಹಾಗಾದರೆ ಬೇಕಾದದ್ದೇನು? ಗೂನುಬೆನ್ನಿನ ಮಹಶೀರ್ ಉಳಿದಿರುವ ಮಡುಗಳಲ್ಲಿ ಯಾವ ಗಾಳವೂ ಬೇಡ, ಬಿಡುವವರದೂ ಬೇಡ. ಬೇರೆಡೆ ಅನುಮತಿ ಕೊಡುವುದಾದರೆ ಮರುಮುಳ್ಳಿಲ್ಲದ ಒಂದೇ ಕೊಕ್ಕೆ ಇರಲಿ. ಮಳೆಗಾಲದಲ್ಲಿ, ಮೀನು ಮೊಟ್ಟೆಯಿಡಲು ಹೊಳೆಯೇರುವ ದಿನಗಳಲ್ಲಿ ಸಂಪೂರ್ಣ ರಜೆಯಿರಲಿ. ಮೀನನ್ನು ನೀರಿನಿಂದೆತ್ತಿ ಚಿತ್ರ ತೆಗೆಸುವ ಚಟ ನಿಲ್ಲಲಿ. ಹಿಡಿದದ್ದರ ಲೆಕ್ಕ ಸಾರ್ವಜನಿಕವಾಗಿರಲಿ. ಒಂದು ನದಿಯ ಮರಿಯನ್ನು ಇನ್ನೊಂದಕ್ಕೆ ಬಿಡುವುದು ಅಪರಾಧವಾಗಲಿ. ಶುಲ್ಕದ ಹಣ ಖಜಾನೆಯಲ್ಲಿ ಕರಗದೆ ದಡದ ಹಳ್ಳಿಗಳ ಕಾವಲುಗಾರರ ಸಂಬಳವಾಗಲಿ. ನಿಷೇಧವಿರುವಲ್ಲಿ ಆ ಸಂಬಳವನ್ನು ಸರ್ಕಾರವೇ ಕೊಡಲಿ. ಇಷ್ಟು ಮಾಡಲಾಗದಿದ್ದರೆ ಎರಡೂ ಕಡೆಯವರು ಸಂರಕ್ಷಣೆಯ ಮಾತನ್ನು ಬಿಡುವುದು ಒಳ್ಳೆಯದು.

ಗಾಳ ಹಾಕುವವರಿಗೆ ನನ್ನ ಕೊನೆಯ ಮಾತು ಇಷ್ಟೇ. ನಿಮ್ಮ ಸಂತೋಷವನ್ನು ಸಂತೋಷವೆಂದೇ ಕರೆಯಿರಿ, ಅದರ ಬೆಲೆಯನ್ನು ನದಿಗೆ ತೆರಿರಿ. ಮೀನು ನಿಮ್ಮಿಂದ ದಯೆಯನ್ನು ಬೇಡಿರಲಿಲ್ಲ. ನೀವು ಬರುವ ಮೊದಲು ಅದು ನೀರಿನಲ್ಲಿಯೇ ಇತ್ತು.