ಗುತ್ತಿಗೆಯ ನೆಲದಲ್ಲಿ ಅಂಗಡಿ

ಪರದೇಶಕ್ಕೆ ಹೋಗಿ, ಪ್ರವಾಸಿಗರು ಬರುವ ಯಾವುದಾದರೊಂದು ದ್ವೀಪದಲ್ಲಿ ಅಂಗಡಿಯನ್ನೋ ಹೋಟೆಲನ್ನೋ ತೆರೆದು ಬದುಕಬೇಕೆಂಬ ಹಂಬಲ ಇಂದಿನ ತರುಣರಲ್ಲಿ ಕೆಲವರಿಗುಂಟು. ಪರಕೀಯನಾಗಿ ವ್ಯಾಪಾರ ಹೂಡುವುದೆಂದರೆ ಏನೆಂಬುದನ್ನು ತಿಳಿಯಲು ಸಮುದ್ರವನ್ನು ದಾಟಬೇಕಾಗಿಲ್ಲ. ಹುಣಸೂರಿನಲ್ಲಿ ಮಡಿಕೇರಿಯ ಬಸ್ಸು ಹತ್ತಿ, ಪಿರಿಯಾಪಟ್ಟಣವನ್ನು ಕಳೆದು ಬೈಲುಕುಪ್ಪೆಯಲ್ಲಿ ಇಳಿದರೆ ಸಾಕು. ಸುತ್ತಲೂ ಕನ್ನಡದ ಹಳ್ಳಿಗಳು. ನಡುವೆ ದ್ವೀಪದಂತೆ ಟಿಬೆಟಿಯನ್ನರ ಕ್ಯಾಂಪುಗಳು.

1959ರಲ್ಲಿ ದಲೈ ಲಾಮಾ ಅವರು ಭಾರತಕ್ಕೆ ಬಂದ ಮೇಲೆ ಅವರ ಹಿಂದೆ ಬಂದ ನಿರಾಶ್ರಿತರಿಗೆ ಅಂದಿನ ಮೈಸೂರು ರಾಜ್ಯ ಸರ್ಕಾರವು ಬೈಲುಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡುನೆಲವನ್ನು ಕೊಟ್ಟಿತು. 1961ರಲ್ಲಿ ಮೊದಲ ನೆಲೆ ಹುಟ್ಟಿತು. 1969ರಲ್ಲಿ ಅದರ ಪಕ್ಕದಲ್ಲಿಯೇ ಎರಡನೆಯದೂ, 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಮತ್ತೊಂದೂ ಆದವು. ಹಿಮದ ನಾಡಿನ ಜನ ನಮ್ಮ ಬಿಸಿಲಿನಲ್ಲಿ ಮರ ಕಡಿದು, ಆನೆಗಳಿಗೆ ಅಂಜುತ್ತ, ಮುಸುಕಿನ ಜೋಳ ಬಿತ್ತಿದರು. ಅವರು ಇಲ್ಲಿಗೆ ಬಂದದ್ದು ವ್ಯಾಪಾರಕ್ಕಲ್ಲ, ಬೇಸಾಯಕ್ಕೆ ಎಂಬುದನ್ನು ಮರೆಯಬಾರದು. ಸಂಸಾರಗಳು ಬೆಳೆದವು, ನೆಲ ಬೆಳೆಯಲಿಲ್ಲ. ಮಳೆಯನ್ನು ನಂಬಿದ ಜೋಳ ಎಲ್ಲರ ಹೊಟ್ಟೆಗೂ ಸಾಲಲಿಲ್ಲ. ಆಗ ಜಮಖಾನೆ ನೇಯ್ದರು. ಲೂಧಿಯಾನದ ಸ್ವೆಟರುಗಳನ್ನು ಸಾಲಕ್ಕೆ ತಂದು, ಚಳಿಗಾಲದ ಎರಡು ಮೂರು ತಿಂಗಳು ಊರೂರಿನ ಬೀದಿಬದಿಯಲ್ಲಿ ಕುಳಿತು ಮಾರಿದರು. 1963ರಲ್ಲಿ ಸ್ಥಾಪಿತವಾದ ನಾಮ್‌ಡ್ರೋಲಿಂಗ್ ಮಠದಲ್ಲಿ 1999ರಲ್ಲಿ ಸ್ವರ್ಣಮಂದಿರವು ಎದ್ದ ಮೇಲೆ ಪ್ರವಾಸಿಗರು ತಾವಾಗಿಯೇ ಬರತೊಡಗಿದರು. ಇಂದು ಅದರ ಸುತ್ತ ಮೊಮೊ, ತುಕ್ಪಾಗಳ ಹೋಟೆಲುಗಳೂ, ಧೂಪ, ಕಂಬಳಿ, ಚಿತ್ರಪಟಗಳ ಅಂಗಡಿಗಳೂ ಸಾಲಾಗಿ ನಿಂತಿವೆ.

ಇದನ್ನು ಕಂಡು ನಮ್ಮ ಮಿತ್ರರಲ್ಲಿ ಕೆಲವರು, "ನಮ್ಮ ನೆಲ, ನಮ್ಮ ದಾರಿ, ಲಾಭ ಮಾತ್ರ ಹೊರಗಿನವರಿಗೆ" ಎಂದು ಆಕ್ಷೇಪಿಸುವುದುಂಟು. ಈ ಮಾತನ್ನು ಸ್ವಲ್ಪ ತೂಗಿ ನೋಡೋಣ. ಆ ಅಂಗಡಿಯವನು ನಿಂತಿರುವ ನೆಲ ಗುತ್ತಿಗೆಯದು. ಅದನ್ನು ಅವನು ಮಾರಲಾರ. ನಾಗರಿಕತ್ವವಿಲ್ಲದವನು ವಿದೇಶೀಯನೆಂಬ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. ಅವನಿಗೆ ಮತವಿಲ್ಲ, ಸರ್ಕಾರಿ ನೌಕರಿಯ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ. ಹೊರದೇಶದ ಪ್ರವಾಸಿಯು ಕ್ಯಾಂಪಿನಲ್ಲಿ ರಾತ್ರಿ ತಂಗಬೇಕಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಆದ್ದರಿಂದ ಹಗಲೆಲ್ಲ ಸ್ವರ್ಣಮಂದಿರವನ್ನು ನೋಡಿದವನು ರಾತ್ರಿಯ ಕೋಣೆಗೆ ಕುಶಾಲನಗರಕ್ಕೆ ಹೋಗುತ್ತಾನೆ. ಅಲ್ಲಿಯ ವಸತಿಗೃಹದವನಿಗೂ ಆಟೋದವನಿಗೂ ಈ ಮಂದಿರದಿಂದ ಲಾಭವಿಲ್ಲವೇ?

ಅವರಿಗೆ ಹೊರದೇಶಗಳ ನೆರವು ದೊರೆಯಿತೆಂಬುದು ನಿಜ. ಮಠಗಳಿಗೆ ದಾನವೂ ಬಂದಿತು. ಆದರೆ ನಮಗೇನು ಕಡಮೆಯೇ? ನಮಗೆ ಹೊಲವುಂಟು, ಮತವುಂಟು, ಭಾಷೆಯುಂಟು; 2015ರಿಂದ ಸಣ್ಣ ಉದ್ಯಮಕ್ಕೆ ಮುದ್ರಾ ಸಾಲವೂ ಉಂಟು. ಇಷ್ಟಿದ್ದೂ ನಾವು ಬಿ.ಎ. ಮುಗಿಸಿ ನೌಕರಿಯ ಅರ್ಜಿ ಬರೆಯುತ್ತ ವರ್ಷಗಳನ್ನು ಕಳೆಯುತ್ತೇವೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ನಮ್ಮ ಆಕ್ಷೇಪವೂ ಆ ಜಾತಿಯದಾಗಬಾರದು.

ಹೊರಗಿನವರೆಲ್ಲರೂ ಒಂದೇ ಬಗೆಯವರಲ್ಲ. ಹೆಗ್ಗಡದೇವನಕೋಟೆಯ ಕಬಿನಿ ಹಿನ್ನೀರಿನ ದಂಡೆಗೆ ದೊಡ್ಡ ಬಂಡವಾಳದೊಡನೆ ಬಂದು ರೆಸಾರ್ಟು ಕಟ್ಟಿದವರೂ ಇದ್ದಾರೆ. ಅಲ್ಲಿ ನಮ್ಮ ಹಳ್ಳಿಯವರಿಗೆ ಕಾವಲು, ತೋಟ, ವಾಹನ ಚಾಲನೆಯ ಕೆಲಸ ಸಿಕ್ಕೀತು; ಒಡೆತನ ಸಿಗುವುದು ಅಪರೂಪ. ಅವರನ್ನು ಕುರಿತು ಯಾರೂ ಗೊಣಗುವುದಿಲ್ಲ. ಅವರ ಗೇಟಿನೊಳಗೆ ನಮಗೆ ಪ್ರವೇಶವಿಲ್ಲದಿರುವುದೇ ಅದಕ್ಕೆ ಕಾರಣವಿರಬಹುದು! ಬರಿಗೈಯಲ್ಲಿ ಬಂದು, ನಮ್ಮೊಡನೆ ಕನ್ನಡದಲ್ಲಿಯೇ ಚೌಕಾಶಿ ಮಾಡುವ ನೆರೆಯವನ ಮೇಲೆ ಮಾತ್ರ ನಮ್ಮ ಕಣ್ಣು ಬೀಳುತ್ತದೆ. ಇದು ನ್ಯಾಯವೇ?

ನನ್ನ ಅಭಿಪ್ರಾಯ ಇಷ್ಟೆ: ನಾವು ಆ ಅಂಗಡಿಗಳ ವಿರೋಧಿಗಳಾಗುವುದಕ್ಕಿಂತ ಪಾಲುದಾರರಾಗುವುದು ಮೇಲು. ಟಿಬೆಟಿಯನ್ ನಿರಾಶ್ರಿತರು ತಮಗೆ ಬೇಕಾದ ಉದ್ಯೋಗ ವ್ಯಾಪಾರಗಳನ್ನು ಮಾಡಬಹುದು, ಅದಕ್ಕೆ ಬೇಕಾದ ಪರವಾನಗಿಯನ್ನು ಕೊಡಬಹುದು ಎಂದು ಕೇಂದ್ರ ಸರ್ಕಾರದ 2014ರ ಪುನರ್ವಸತಿ ನೀತಿಯು ಹೇಳುತ್ತದೆ. ಈ ಮಾತು ಕಚೇರಿಯ ಮೇಜಿನ ಮೇಲೂ ಅಕ್ಷರಶಃ ನಡೆಯಬೇಕು. ಪರವಾನಗಿ ಇರುವ ಅಂಗಡಿ ಊರಿಗೆ ತೆರಿಗೆ ಕೊಡುತ್ತದೆ, ಬ್ಯಾಂಕಿನಲ್ಲಿ ಸಾಲ ಕೇಳುತ್ತದೆ, ಕೆಲಸದವನಿಗೆ ಲೆಕ್ಕದ ಸಂಬಳ ಕೊಡುತ್ತದೆ. ಪರವಾನಗಿ ಇಲ್ಲದ ಅಂಗಡಿ ಅಂಜಿಕೆಯಲ್ಲಿ ಬದುಕುತ್ತದೆ. ಅಂಜಿಕೆಯಲ್ಲಿರುವವನು ಯಾರೊಡನೆಯೂ ಪಾಲುಗಾರಿಕೆ ಮಾಡಲಾರ.

ಇನ್ನೊಂದು ವಿಷಯ. ಕ್ಯಾಂಪುಗಳ ತರುಣರಲ್ಲಿ ಅನೇಕರು ಈಗ ಯುರೋಪು, ಅಮೆರಿಕ, ಕೆನಡಾಗಳಿಗೆ ಹೋಗುತ್ತಿದ್ದಾರೆ. ಮನೆಗಳಲ್ಲಿ ಮುದುಕರು ಉಳಿಯುತ್ತಿದ್ದಾರೆ. ಪ್ರವಾಸಿಗರಂತೂ ಬರುತ್ತಲೇ ಇದ್ದಾರೆ. ಹಾಗಾದರೆ ಮುಂದಿನ ತಲೆಮಾರಿನಲ್ಲಿ ಆ ಅಂಗಡಿಗಳ ಬಾಗಿಲು ತೆರೆಯುವವರು ಯಾರು? ಇಂದೇ ಅವರ ಜೊತೆಯಲ್ಲಿ ನಿಂತು ಕೆಲಸ ಕಲಿತವರು ತೆರೆಯಬಲ್ಲರು. ಕಲಿಯದಿದ್ದರೆ ಕಬಿನಿಯ ದಂಡೆಗೆ ಬಂದಂತಹ ಬಂಡವಾಳ ಇಲ್ಲಿಗೂ ಬಂದೀತು. ಕೃಷ್ಣರಾಜನಗರದ ಅಕ್ಕಿ, ಪಿರಿಯಾಪಟ್ಟಣದ ಶುಂಠಿ ಬೆಳೆಯುವವರ ಮಕ್ಕಳು ನಾವು. ಮೂಟೆಯಾಗಿ ಹೊರಡುವ ನಮ್ಮ ಬೆಳೆಗೆ ಆ ದಾರಿಯಲ್ಲಿಯೇ ತಿಂಡಿಯ ರೂಪ, ಪೊಟ್ಟಣದ ರೂಪ ಕೊಡಲಾಗದೇ?

ನಮ್ಮ ಕಾಲೇಜಿನ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಆ ಅಂಗಡಿಗಳಿಗೆ ಹೋಗಿ, ಸರಕು ಎಲ್ಲಿಂದ ಬರುತ್ತದೆ, ಸಾಲ ಯಾರು ಕೊಡುತ್ತಾರೆ, ಮಳೆಗಾಲದಲ್ಲಿ ಗತಿಯೇನು ಎಂದು ಕೇಳಿ ಬರೆದುಕೊಂಡು ಬರಲಿ. ಅಧ್ಯಾಪಕರು ಇದಕ್ಕೆ ಮನಸ್ಸು ಮಾಡಲೆಂದು ಪ್ರಾರ್ಥಿಸುತ್ತೇನೆ. ಬೈಲುಕುಪ್ಪೆಯ ಬಸ್ಸು ದೂರದ್ದಲ್ಲ; ಮಂದಿರದ ಮುಂದೆ ಛಾಯಾಚಿತ್ರ ತೆಗೆಸಿಕೊಳ್ಳಲು ನಾವು ಹೇಗೂ ಅದನ್ನು ಹತ್ತುತ್ತಲೇ ಇದ್ದೇವೆ.