ಗಾಜಿನ ಸೀಸೆಗೆ ನಾರಿನ ಮೆತ್ತೆ

ಒಡೆಯುವ ವಸ್ತುವನ್ನು ಒಡೆಯದಂತೆ ದೂರ ಸಾಗಿಸುವುದು ಮಂಗಳೂರಿಗೆ ಹೊಸ ವಿದ್ಯೆಯಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ತರುವಾಯ, ನೇತ್ರಾವತಿಯ ದಡದ ಬೋಳಾರದಲ್ಲಿಯೂ ಅಂತಹ ಕಾರ್ಖಾನೆಗಳು ಎದ್ದವು. ಮಂಗಳೂರಿನ ಹಂಚು ಹಡಗನ್ನೇರಿ ಕಡಲಾಚೆಯ ನಾಡುಗಳನ್ನೂ ಸೇರಿತು. ಆ ಕಾರ್ಖಾನೆಗಳಲ್ಲಿ ಹೆಚ್ಚಿನವು ಇಂದು ಮುಚ್ಚಿವೆ. ಆದರೆ ಜೇನು, ಉಪ್ಪಿನಕಾಯಿ, ಅರಿಷ್ಟಗಳನ್ನು ತುಂಬಿದ ಗಾಜಿನ ಸೀಸೆಗಳು ಈಗಲೂ ಊರಿಂದೂರಿಗೆ ಹೋಗುತ್ತಿವೆ. ಅವುಗಳ ಸುತ್ತ ನಾವು ತುಂಬುವುದು ಬಹುಮಟ್ಟಿಗೆ ಥರ್ಮೋಕೋಲನ್ನು ಮತ್ತು ಗುಳ್ಳೆಗಳುಳ್ಳ ಪ್ಲಾಸ್ಟಿಕ್ ಹಾಳೆಯನ್ನು. ತೆಂಗು ಬೆಳೆಯುವ ನಾಡಿಗೆ ಇದು ತಕ್ಕುದೇ ಎಂಬುದು ನಮ್ಮ ಪ್ರಶ್ನೆ.

ಸೀಸೆ ಏಕೆ ಒಡೆಯುತ್ತದೆಂಬುದನ್ನು ಮೊದಲು ತಿಳಿಯೋಣ. ಗಾಜು ಒತ್ತಡವನ್ನು ಚೆನ್ನಾಗಿ ತಾಳಬಲ್ಲದು, ಎಳೆತವನ್ನು ತಾಳಲಾರದು. ಅದರ ಮೈಮೇಲೆ ಕಣ್ಣಿಗೆ ಕಾಣದ ಗೀರುಗಳಿರುತ್ತವೆ. ಎಳೆತದ ಬಲವೆಲ್ಲ ಗೀರಿನ ತುದಿಯಲ್ಲಿ ಕೂಡಿಕೊಂಡು ಬಿರುಕನ್ನು ಬೆಳೆಸುತ್ತದೆ. ಈ ತತ್ತ್ವವನ್ನು ಗ್ರಿಫಿತ್ ಎಂಬ ಇಂಗ್ಲಿಷ್ ವಿಜ್ಞಾನಿ 1921ರಲ್ಲಿ ಪ್ರಕಟಿಸಿದನು. ಆದುದರಿಂದ ಸೀಸೆಗೆ ಸೀಸೆ ತಾಗದಂತೆ ಇಡುವುದೇ ಮೊದಲ ರಕ್ಷಣೆ.

ಎರಡನೆಯದು, ಬಿದ್ದಾಗ ನಿಧಾನವಾಗಿ ನಿಲ್ಲಿಸುವುದು. ಒಂದು ಕಿಲೋಗ್ರಾಂ ತೂಕದ ಸೀಸೆಯು ಒಂದು ಮೀಟರ್ ಎತ್ತರದಿಂದ ಬಿದ್ದು 1 ಮಿಲಿಮೀಟರಿನಷ್ಟರಲ್ಲಿಯೇ ನಿಂತರೆ, ಅದರ ಮೇಲೆ ಬೀಳುವ ಸರಾಸರಿ ಬಲವು ಅದರ ತೂಕದ ಸುಮಾರು ಸಾವಿರ ಪಟ್ಟು. ಮೆತ್ತೆಯು 2 ಸೆಂಟಿಮೀಟರ್ ತಗ್ಗಿ ಅದನ್ನು ನಿಲ್ಲಿಸಿದರೆ ಬಲವು ಸುಮಾರು ಐವತ್ತು ಪಟ್ಟಿಗೆ ಇಳಿಯುತ್ತದೆ. ತಗ್ಗಿ, ಮತ್ತೆ ಏಳುವ ಗುಣವುಳ್ಳ ಯಾವ ವಸ್ತುವೂ ಈ ಕೆಲಸವನ್ನು ಮಾಡಬಲ್ಲದು.

ಥರ್ಮೋಕೋಲಿನ ಬಹುಭಾಗವು ಗಾಳಿ. ಅದು ಹಗುರ, ಅಗ್ಗ, ನೀರನ್ನು ಹೀರದು. ಮೆತ್ತೆಯಾಗಿ ಅದು ಕೆಟ್ಟದ್ದೆಂದು ಹೇಳಲಾಗದು. ಕೆಟ್ಟದ್ದು ಅದರ ಮುಂದಿನ ಗತಿ. ನಾಲ್ಕು ದಿನದ ಸೇವೆ ಮುಗಿಸಿ ಅದು ಕಾಳುಕಾಳಾಗಿ ಉದುರುತ್ತದೆ. ಚರಂಡಿಗೆ ಬಿದ್ದ ಕಾಳು ತೇಲುತ್ತ ನದಿಗೂ ಕಡಲಿಗೂ ಸೇರುತ್ತದೆ, ಕೊಳೆಯುವುದಿಲ್ಲ. 2022ರ ಜುಲೈ 1ರಂದು ದೇಶದಾದ್ಯಂತ ಜಾರಿಗೆ ಬಂದ ನಿಷೇಧವೂ ಅಲಂಕಾರಕ್ಕೆ ಬಳಸುವ ಥರ್ಮೋಕೋಲನ್ನು ತಡೆಯಿತೇ ಹೊರತು ಪೆಟ್ಟಿಗೆಯೊಳಗಿನದನ್ನಲ್ಲ.

ತೆಂಗಿನ ನಾರಿನಲ್ಲಿ ಲಿಗ್ನಿನ್ ಎಂಬ ದ್ರವ್ಯವು ಹೇರಳವಾಗಿದೆ. ಆದುದರಿಂದ ಅದು ಬೈಹುಲ್ಲಿನಂತೆ ಬೇಗನೆ ಕೊಳೆಯದು, ಒತ್ತಿದರೆ ಪುಟಿದೇಳುತ್ತದೆ. ಸುರುಳಿ ನಾರಿಗೆ ರಬ್ಬರಿನ ಹಾಲನ್ನು ಸಿಂಪಡಿಸಿ ಅಚ್ಚಿಗೆ ಹಾಕಿ ಬಿಸಿಮಾಡಿದರೆ, ಹಾಸಿಗೆಗಳಲ್ಲಿ ಬಳಸುವ ರಬ್ಬರು ನಾರಿನ ಮೆತ್ತೆ ಸಿದ್ಧವಾಗುತ್ತದೆ. ತೆಂಗೂ ರಬ್ಬರೂ ಎರಡೂ ದಕ್ಷಿಣ ಕನ್ನಡದಲ್ಲಿ ಬೆಳೆಯುತ್ತವೆ. ಸೀಸೆಯ ಆಕಾರಕ್ಕೆ ತಕ್ಕ ಅಚ್ಚು ಮಾಡಿದರೆ ಒಂದೇ ಮೆತ್ತೆಯನ್ನು ಹಲವು ಬಾರಿ ಬಳಸಬಹುದು.

ಆಕ್ಷೇಪಗಳಿಲ್ಲವೆಂದಲ್ಲ. ನಾರು ಥರ್ಮೋಕೋಲಿಗಿಂತ ಭಾರ. ಸಾಗಣೆಯ ವೆಚ್ಚ ಏರುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಸರಿಯಾಗಿ ಒಣಗಿಸದ ನಾರು ಬೂಷ್ಟು ಹಿಡಿಯಬಹುದು. ಹಿಂದೆ ಯುರೋಪಿನಲ್ಲಿ ಸೀಸೆಗಳಿಗೆ ಹುಲ್ಲಿನ ಕವಚ ತೊಡಿಸುತ್ತಿದ್ದರು; ಆದರೆ ಕೀಟ ಹಾಗೂ ರೋಗಗಳ ಭಯದಿಂದ ಇಂದು ಆಸ್ಟ್ರೇಲಿಯದಂತಹ ದೇಶಗಳು ಹುಲ್ಲಿನಲ್ಲಿ ಕಟ್ಟಿದ ಸರಕನ್ನು ಒಳಗೆ ಬಿಡುವುದಿಲ್ಲ. ಆದುದರಿಂದ ಪ್ರಕೃತಿದತ್ತವೆಂಬ ಒಂದೇ ಕಾರಣಕ್ಕೆ ಯಾವುದನ್ನೂ ಮೆಚ್ಚಬೇಕಾಗಿಲ್ಲ. ದೂರದೇಶಕ್ಕೆ ಕಾಗದದ ಮೆತ್ತೆ, ನಾಡಿನೊಳಗೆ ನಾರಿನ ಮೆತ್ತೆ ಎಂದು ವಿವೇಚಿಸಿ ಆರಿಸುವುದೇ ಸರಿ.

ಹಾಗಾದರೆ ವಿವೇಚಿಸುವ ಬಗೆ ಹೇಗೆ? ಪರೀಕ್ಷೆಯಿಂದ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಇದನ್ನು ಮಾಡಬಹುದು. ನೀರು ತುಂಬಿದ ಒಂದೇ ಬಗೆಯ ಸೀಸೆಗಳನ್ನು ನಾರು, ಕಾಗದ, ಥರ್ಮೋಕೋಲುಗಳಲ್ಲಿ ಬೇರೆ ಬೇರೆಯಾಗಿ ಕಟ್ಟಿ, ಚೂರು ಚಿಮ್ಮದಂತೆ ಪೆಟ್ಟಿಗೆಯನ್ನು ಗೋಣಿಯಲ್ಲಿ ಸುತ್ತಿ, ಒಂದೇ ಎತ್ತರದಿಂದ ಬೀಳಿಸಬೇಕು. ಒಡೆದವೆಷ್ಟು, ಕಟ್ಟಿನ ತೂಕವೆಷ್ಟು ಎಂಬುದನ್ನು ಬರೆದಿಡಬೇಕು. ಮೆತ್ತೆಯನ್ನು ಒಂದು ವಾರ ತೇವದಲ್ಲಿರಿಸಿ ಮತ್ತೊಮ್ಮೆ ಪರೀಕ್ಷಿಸಬೇಕು.

ಇನ್ನು ಬೆಲೆಯ ಮಾತು. ಥರ್ಮೋಕೋಲು ಅಗ್ಗವೆನ್ನುವವರು ಅದನ್ನು ಕೊಂಡ ಬೆಲೆಯನ್ನು ಮಾತ್ರ ಎಣಿಸುತ್ತಾರೆ. ಅದನ್ನು ಚರಂಡಿಯಿಂದ ಎತ್ತುವ ಕೂಲಿಯನ್ನು ಊರು ತೆರುತ್ತದೆ, ಎತ್ತದೆ ಉಳಿದುದನ್ನು ನೇತ್ರಾವತಿ ಹೊರುತ್ತದೆ. ಈ ಎರಡನ್ನೂ ಲೆಕ್ಕಕ್ಕೆ ಸೇರಿಸಿದ ಮೇಲೆ ಯಾವುದು ಅಗ್ಗವೆಂದು ತೀರ್ಮಾನಿಸುವುದು ನ್ಯಾಯ.