ಓದಿನ ಸಾಲಕ್ಕೂ ಒಂದು ಕೊನೆಯ ದಿನ ಇರಲಿ

ತಳೇಗಾಂವ ದಾಭಾಡೆ, ಚಾಕಣ, ದೇಹೂರೋಡ್, ಪಿಂಪ್ರಿ-ಚಿಂಚವಡದ ಕನ್ನಡ ಮನೆಗಳಿಗೆ



ಮಗನ ಇಂಜಿನಿಯರಿಂಗಿಗೆ, ಮಗಳ ನರ್ಸಿಂಗಿಗೆ ಬ್ಯಾಂಕಿನಲ್ಲಿ ಸಾಲ ತೆಗೆದವರು ನಮ್ಮಲ್ಲಿ ಬಹಳ ಮಂದಿ ಇದ್ದೀರಿ. ಸಾಲ ಮಂಜೂರಾದ ದಿನವೇ ಕಂತು ಶುರುವಾಗುವ ದಿನವನ್ನೂ ಬ್ಯಾಂಕಿನವರು ಹೇಳಿರುತ್ತಾರೆ: ಕೋರ್ಸು ಮುಗಿದು ಒಂದು ವರ್ಷಕ್ಕೆ. ಮುಗಿಯುವ ದಿನವೂ ಕಾಗದದಲ್ಲಿದೆ, ಹದಿನೈದು ವರ್ಷ ಅಂತ. ಆದರೆ ಅದು ಒಂದು ಕಂತೂ ತಪ್ಪಿಸದೆ ಕಟ್ಟಿದವರ ಲೆಕ್ಕ. ಕೆಲಸ ಸಿಗದೆ, ಸಿಕ್ಕರೂ ಪಗಾರ ಸಾಲದೆ ಸುಸ್ತಿಯಾದವರಿಗೆ ಈ ದೇಶದ ಯಾವ ಕಾನೂನೂ ಕೊನೆಯ ದಿನವನ್ನು ಗೊತ್ತುಮಾಡಿಲ್ಲ.

ಅದನ್ನು ಗೊತ್ತುಮಾಡಿ ಎಂದು ಕೇಳುವುದಕ್ಕೆ ಈ ಕರಪತ್ರ. ದುಡಿಮೆಗೆ ತಕ್ಕಷ್ಟು ಕಂತು, ಹದಿನೈದು ವರ್ಷ ಹಾಗೆ ಕಟ್ಟಿದ ಮೇಲೆ ಉಳಿದ ಬಾಕಿ ರದ್ದು. ನಾವು ಸಾಲಮನ್ನಾ ಕೇಳುತ್ತಿಲ್ಲ. ಕಟ್ಟಲು ತಾಕತ್ತಿದ್ದವರು ಪೂರ್ತಿ ಕಟ್ಟಲಿ.

ನಾಲ್ಕು ಲಕ್ಷದ ಲೆಕ್ಕ

ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷ ಸಾಲ ತೆಗೆದಿರಿ, ಬಡ್ಡಿ ಶೇಕಡಾ 10 ಎಂದಿಟ್ಟುಕೊಳ್ಳಿ. ಓದುವಾಗಿನ ಬಡ್ಡಿ ಸರಳ ಬಡ್ಡಿ. ಮೊದಲ ಲಕ್ಷಕ್ಕೆ ಐದು ವರ್ಷದ್ದು 50,000, ಎರಡನೆಯದಕ್ಕೆ 40,000, ಆಮೇಲೆ 30,000 ಮತ್ತು 20,000. ಒಟ್ಟು 1,40,000. ಮೊದಲ ಕಂತು ಬರುವ ಹೊತ್ತಿಗೆ ಇದು ಅಸಲಿಗೆ ಸೇರಿ ಸಾಲ 5,40,000 ಆಗಿರುತ್ತದೆ. ಹದಿನೈದು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 5,800 ರೂಪಾಯಿ. 180 ಕಂತು ಕಟ್ಟಿ ಮುಗಿಸಿದಾಗ ಕೈಬಿಟ್ಟಿದ್ದು ಹತ್ತು ಲಕ್ಷ ನಲವತ್ತು ಸಾವಿರ ದಾಟಿರುತ್ತದೆ.

ಈಗ ಹುಡುಗನಿಗೆ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟ್ರೇನಿ ಕೆಲಸ, ಕೈಗೆ 15,000 ಬರುತ್ತದೆ ಎನ್ನಿ. ರೂಮಿನ ಬಾಡಿಗೆ, ಮೆಸ್ಸು, ಲೋಕಲ್ ಪಾಸು ಕಳೆದು ಅವನು ಹೆಣಗಾಡಿ 3,000 ಕಟ್ಟುತ್ತಾನೆ. ಆದರೆ 5,40,000ಕ್ಕೆ ತಿಂಗಳ ಬಡ್ಡಿಯೇ 4,500. ಅಂದರೆ ತಪ್ಪದೆ ಕಟ್ಟಿದರೂ ಸಾಲ ತಿಂಗಳಿಗೆ 1,500 ಬೆಳೆಯುತ್ತದೆ. ವರ್ಷದ ಕೊನೆಗೆ ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಿದರೆ 36,000 ಕಟ್ಟಿದವನ ಬಾಕಿ ಹದಿನೆಂಟು ಸಾವಿರಕ್ಕೂ ಹೆಚ್ಚು ಏರಿರುತ್ತದೆ. ಕಟ್ಟಿಯೂ ಏನು ಪ್ರಯೋಜನ ಅಂತ ಹುಡುಗರು ಕೈಚೆಲ್ಲುವುದು ಈ ಹಂತದಲ್ಲಿ. ಅವರನ್ನು ಬೇಜವಾಬ್ದಾರರು ಎನ್ನುವ ಮುಂಚೆ ಆ ಪುಟವನ್ನೊಮ್ಮೆ ನೋಡಿ.

ಮನೆಯ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದ ಒಳಗಿದ್ದು ವೃತ್ತಿಪರ ಕೋರ್ಸಾದರೆ ಓದಿನ ಅವಧಿಯ ಬಡ್ಡಿಯನ್ನು ಕೇಂದ್ರ ಸರಕಾರ ಕೊಡುವ ಯೋಜನೆ 2009-10ರಿಂದ ಇದೆ. ಅದು ಸಿಕ್ಕವರು ಪುಣ್ಯವಂತರು. ಅವರ ಸಾಲ ನಾಲ್ಕು ಲಕ್ಷಕ್ಕೇ ನಿಂತಿರುತ್ತದೆ. ಆದರೆ ಅದಕ್ಕೂ ತಿಂಗಳ ಬಡ್ಡಿ 3,333. ಆ ಹುಡುಗನ 3,000 ಅಲ್ಲಿಗೂ ಮುಟ್ಟುವುದಿಲ್ಲ. 2024ರ ನವೆಂಬರಿನಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿಯ ಶೇಕಡಾ 3ರ ಬಡ್ಡಿ ರಿಯಾಯಿತಿಯೂ ಕಂತು ಶುರುವಾಗುವ ತನಕ ಮಾತ್ರ. ಸರಕಾರದ ಕೈ ಹಿಡಿತವೆಲ್ಲ ಓದು ಮುಗಿಯುವವರೆಗೆ. ಕೈ ಬೇಕಾಗುವುದು ಆಮೇಲೆ.

ಎರಡೂ ರಾಜ್ಯಕ್ಕೆ ಹೊರಗಿನವರು

ನಮ್ಮಂಥವರು ಸಾಲಕ್ಕೇ ಹೋಗಬೇಕಾಗುವುದಕ್ಕೆ ಇನ್ನೊಂದು ಕಾರಣವಿದೆ. ಕರ್ನಾಟಕದಲ್ಲಿ ದೇವರಾಜ ಅರಸು ನಿಗಮದ ಅರಿವು ಯೋಜನೆಯಲ್ಲಿ ಶೇಕಡಾ 2ರ ಬಡ್ಡಿಗೆ ಓದಿನ ಸಾಲ ಸಿಗುತ್ತದೆ. ಅದು ಅಲ್ಲಿಯ ವಾಸಿಗಳಿಗೆ. ಮಹಾರಾಷ್ಟ್ರ 2024ರ ಜುಲೈಯಲ್ಲಿ ಎಂಟು ಲಕ್ಷದೊಳಗಿನ ಆದಾಯದ ಹಿಂದುಳಿದ ಮತ್ತು ಬಡ ಮನೆಗಳ ಹೆಣ್ಣುಮಕ್ಕಳಿಗೆ ವೃತ್ತಿಪರ ಕೋರ್ಸಿನ ಫೀ ಪೂರ್ತಿ ಬಿಟ್ಟಿತು. ಒಳ್ಳೆಯ ಕೆಲಸ. ಆದರೆ ಇಲ್ಲಿ ಜಾತಿ ದಾಖಲೆ ಬೇಕಾದರೆ ಪರಿಶಿಷ್ಟರು 1950ರ ಆಗಸ್ಟ್ 10ಕ್ಕಿಂತ, ಅಲೆಮಾರಿ ಮತ್ತು ವಿಮುಕ್ತ ಜಾತಿಯವರು 1961ರ ನವೆಂಬರ್ 21ಕ್ಕಿಂತ, ಇತರೆ ಹಿಂದುಳಿದವರು 1967ರ ಅಕ್ಟೋಬರ್ 13ಕ್ಕಿಂತ ಹಿಂದಿನಿಂದ ಮನೆತನ ಇಲ್ಲಿತ್ತು ಎಂಬ ಪುರಾವೆ ತೋರಿಸಬೇಕು. ಇಂಡಿ ತಾಲೂಕಿನ ತಾಂಡಾದಿಂದ ಕಟ್ಟಡದ ಕೆಲಸಕ್ಕೆ ಬಂದು ಇಲ್ಲೇ ನೆಲೆನಿಂತ ಲಂಬಾಣಿ ತಂದೆ ಯಾವ ಪುರಾವೆ ತರಬೇಕು? ಅವನು ಊರಲ್ಲಿ ಪರಿಶಿಷ್ಟ ಜಾತಿ. ಇಲ್ಲಿಯ ಲಂಬಾಣಿಗಳು ವಿಮುಕ್ತ ಜಾತಿ. ಅವನ ಮಗಳು ಕಾಲೇಜಿನ ಕೌಂಟರಿನಲ್ಲಿ ಓಪನ್. ಉಳಿಯುವುದು ಬ್ಯಾಂಕೊಂದೇ.

ಕೆಲಸದ ಭರವಸೆಯೂ ನೋಡಿ. 2008ರಲ್ಲಿ ಇಲ್ಲಿ ಜನರಲ್ ಮೋಟರ್ಸ್ ಕಾರ್ಖಾನೆ ತೆರೆಯಿತು, 2020ರ ಡಿಸೆಂಬರಿನಲ್ಲಿ ಕಾರು ತಯಾರಿಕೆ ನಿಲ್ಲಿಸಿತು. ಈಗ ಆ ಜಾಗ ಹ್ಯುಂಡೈಗೆ ಹೋಗಿದೆ. ತಳೇಗಾಂವಕ್ಕೆ ಬರುತ್ತದೆ ಎಂದಿದ್ದ ವೇದಾಂತ-ಫಾಕ್ಸ್‌ಕಾನ್ ಚಿಪ್ ಕಾರ್ಖಾನೆ 2022ರ ಸೆಪ್ಟೆಂಬರಿನಲ್ಲಿ ಗುಜರಾತಿನ ಪಾಲಾಯಿತು, ಮರುವರ್ಷ ಆ ಜೋಡಿಯೇ ಒಡೆಯಿತು. ಕಂಪನಿಗಳು ಲಾಭ-ನಷ್ಟ ನೋಡಿ ಬರುತ್ತವೆ, ಹೋಗುತ್ತವೆ. ಅದು ಅವರ ವ್ಯವಹಾರ. ಅವುಗಳನ್ನು ನಂಬಿ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಸೇರಿದ ಹತ್ತೊಂಬತ್ತರ ಹುಡುಗ ಮಾತ್ರ ಸಹಿ ಹಾಕಿದ ಸಾಲದಿಂದ ಹೊರಗೆ ಬರುವ ಹಾಗಿಲ್ಲ.

ಮುಗಿದಂತೆ ಕಾಣುವ ಮೂರು ಕೊನೆಗಳು

ಈಗಲೂ ಸಾಲ ಮುಗಿಯುವ ದಾರಿಗಳಿವೆಯಲ್ಲ ಎಂದು ಕೆಲವರು ಹೇಳುತ್ತಾರೆ. ಒಂದು, ಕಾಲಮಿತಿ. ಅಡಮಾನವಿಲ್ಲದ ಸಾಲಕ್ಕೆ ಬ್ಯಾಂಕು ಮೂರು ವರ್ಷದೊಳಗೆ ದಾವೆ ಹೂಡಬೇಕು, ನಿಜ. ಆದರೆ ಆ ಮೂರು ವರ್ಷ ತುಂಬುವ ಮುಂಚೆ ಸಾಲ ಬಾಕಿ ಇದೆ ಎಂದು ಬರೆದ ಹಾಳೆಗೆ ನೀವು ಸಹಿ ಹಾಕಿದರೆ ಲೆಕ್ಕ ಮತ್ತೆ ಮೊದಲಿನಿಂದ ಶುರು. ಬ್ರಾಂಚಿಗೆ ಕರೆಸಿ, "ಇದು ರಿನ್ಯೂವಲ್ ಫಾರ್ಮ್ ಅಷ್ಟೇ" ಎಂದು ತಾಯಿಯ ಹೆಬ್ಬೆಟ್ಟು ತೆಗೆದುಕೊಳ್ಳುವುದು ಇದಕ್ಕಾಗಿ. ಕಾಲಮಿತಿ ಮೀರಿದರೂ ಕೋರ್ಟಿನ ಬಾಗಿಲು ಮಾತ್ರ ಮುಚ್ಚುತ್ತದೆ, ಸಾಲ ಅಳಿಯುವುದಿಲ್ಲ.

ಎರಡು, ರೈಟ್ ಆಫ್. 2014-15ರಿಂದ ಒಂಬತ್ತು ವರ್ಷದಲ್ಲಿ ಬ್ಯಾಂಕುಗಳು 14.56 ಲಕ್ಷ ಕೋಟಿ ರೂಪಾಯಿ ರೈಟ್ ಆಫ್ ಮಾಡಿವೆ, ಅದರ ಅರ್ಧ ದೊಡ್ಡ ಉದ್ದಿಮೆಗಳದ್ದು ಎಂದು 2023ರ ಆಗಸ್ಟಿನಲ್ಲಿ ಸರಕಾರವೇ ಸಂಸತ್ತಿಗೆ ಹೇಳಿತು. ಇದನ್ನು ಹಿಡಿದು "ಸಾಹುಕಾರರ ಸಾಲ ಮನ್ನಾ ಆಯಿತು" ಎಂದು ಭಾಷಣ ಮಾಡುವವರ ಜೊತೆ ನಾವಿಲ್ಲ. ರೈಟ್ ಆಫ್ ಎಂದರೆ ಬ್ಯಾಂಕು ತನ್ನ ಪುಸ್ತಕ ಚೊಕ್ಕಟ ಮಾಡಿಕೊಳ್ಳುವುದು. ಸಾಲಗಾರನ ಮೇಲಿನ ಹಕ್ಕು ಹಾಗೇ ಇರುತ್ತದೆ, ನಿಮ್ಮದರ ಮೇಲೂ. ಮೂರು, ಸೆಟ್ಲ್‌ಮೆಂಟ್. ಲೋಕ ಅದಾಲತ್ತಿನಲ್ಲಿ ಬಡ್ಡಿ ಬಿಡಿಸಿಕೊಂಡು ಮುಗಿಸಬಹುದು. ಇದು ನಿಜವಾದ ಕೊನೆಯೇ. ಆದರೆ ಒಟ್ಟಿಗೆ ದೊಡ್ಡ ಮೊತ್ತ ಬೇಕು, ಸಿಬಿಲ್‌ನಲ್ಲಿ "ಕ್ಲೋಸ್ಡ್" ಬದಲು "ಸೆಟಲ್ಡ್" ಎಂದು ಬರುತ್ತದೆ, ಮುಂದೆ ಮನೆ ಸಾಲಕ್ಕೆ ಹೋದಾಗ ಮ್ಯಾನೇಜರ್ ಅದನ್ನೇ ಎತ್ತಿ ತೋರಿಸುತ್ತಾನೆ.

ಇನ್ನು ದಿವಾಳಿ ಕಾನೂನು. ಇದನ್ನು ಬಹಳ ಜನ ಕೇಳಿಯೇ ಇಲ್ಲ, ಅದಕ್ಕೇ ಸ್ವಲ್ಪ ನಿಂತು ಹೇಳುತ್ತೇವೆ. 2016ರ ದಿವಾಳಿ ಸಂಹಿತೆಯಲ್ಲಿ ಸಾಮಾನ್ಯ ಮನುಷ್ಯ ಸಾಲದಿಂದ ಬಿಡುಗಡೆ ಪಡೆಯುವ ಭಾಗ ಒಂದಿದೆ. ಕಂಪನಿಗಳ ಸಾಲಕ್ಕೆ ನಿಂತ ವೈಯಕ್ತಿಕ ಜಾಮೀನುದಾರರನ್ನು ಬಿಟ್ಟರೆ ಉಳಿದ ವ್ಯಕ್ತಿಗಳಿಗೆ ಅದು ಇನ್ನೂ ಜಾರಿಗೇ ಬಂದಿಲ್ಲ. ಬಂದರೂ ನಮಗೆ ಉಪಯೋಗವಿಲ್ಲ. ಅದರ 79ನೇ ಕಲಮಿನ 15ನೇ ಉಪಕಲಮಿನಲ್ಲಿ ಬಿಡುಗಡೆ ಸಿಗದ ಸಾಲಗಳ ಪಟ್ಟಿ ಇದೆ: ಕೋರ್ಟು ಹಾಕಿದ ದಂಡ, ನಿರ್ಲಕ್ಷ್ಯದಿಂದ ಬೇರೆಯವರಿಗೆ ಮಾಡಿದ ನಷ್ಟದ ಪರಿಹಾರ, ಹೆಂಡತಿ-ಮಕ್ಕಳ ಜೀವನಾಂಶ, ವಿದ್ಯಾರ್ಥಿ ಸಾಲ. ಜೂಜಾಡಿ ಕ್ರೆಡಿಟ್ ಕಾರ್ಡ್ ಮುಳುಗಿಸಿದವನ ಸಾಲ ಆ ಪಟ್ಟಿಯಲ್ಲಿಲ್ಲ. ಡಿಪ್ಲೊಮಾ ಓದಿದವನದ್ದು ಇದೆ. ಈ ಸಾಲಿಗೆ ಸಂಸತ್ತಿನಲ್ಲಿ ಕೈ ಎತ್ತಿದವರಿಗೆಲ್ಲ ನಾವು ಕಾರಣ ಕೇಳಬೇಕು.

ಬ್ಯಾಂಕಿನ ನಷ್ಟಕ್ಕಂತೂ ಏರ್ಪಾಟು ಆಗಿದೆ. 2015ರಿಂದ ಏಳೂವರೆ ಲಕ್ಷದವರೆಗಿನ ಅಡಮಾನವಿಲ್ಲದ ಓದಿನ ಸಾಲ ಮುಳುಗಿದರೆ ಮುಕ್ಕಾಲು ಪಾಲನ್ನು ಸರಕಾರದ ಗ್ಯಾರಂಟಿ ನಿಧಿ ಬ್ಯಾಂಕಿಗೆ ತುಂಬಿಕೊಡುತ್ತದೆ. ಅಷ್ಟಾದ ಮೇಲೂ ಹುಡುಗನಿಂದ ವಸೂಲಿ ಮುಂದುವರಿಯುತ್ತದೆ. ನಿಧಿ ಕಾಯುವುದು ಕೊಟ್ಟವನನ್ನು, ತೆಗೆದುಕೊಂಡವನನ್ನಲ್ಲ.

ಹೊಸದೇನೂ ಕೇಳುತ್ತಿಲ್ಲ

ಸಾಲಕ್ಕೆ ಮಿತಿ ಹಾಕುವುದು ನಮ್ಮ ಸೀಮೆಗೆ ಹೊಸದಲ್ಲ. ಬೆಳಗಾವಿ, ಧಾರವಾಡ, ವಿಜಾಪುರ, ಈ ಪುಣೆ ಎಲ್ಲವೂ ಮುಂಬಯಿ ಪ್ರಾಂತ್ಯದಲ್ಲಿದ್ದಾಗ ಇಲ್ಲಿಯ ಕೋರ್ಟುಗಳು ಹಿಂದೂ ಸಾಲಗಾರರಿಗೆ ದಾಮದುಪ್ಪಟ ನಿಯಮ ಹಚ್ಚುತ್ತಿದ್ದವು: ಒಂದು ಸಲಕ್ಕೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದು. ಸಾಹುಕಾರರೂ ಅದರೊಳಗೇ ವ್ಯಾಪಾರ ಮಾಡಿ ಬದುಕಿದರು. ಆದರೆ ಬ್ಯಾಂಕಿನ ಬಡ್ಡಿ ಅತಿಯಾಯಿತೆಂದು ಕೋರ್ಟು ಕೈಹಾಕದಂತೆ 1984ರಲ್ಲಿ ಬ್ಯಾಂಕಿಂಗ್ ಕಾಯ್ದೆಗೆ 21ಎ ಕಲಮು ಸೇರಿತು. ಅದಕ್ಕೂ ಮುಂಚೆ ಕರ್ನಾಟಕದಲ್ಲಿ ದೇವರಾಜ ಅರಸರ ಸರಕಾರ 1976ರ ಋಣಪರಿಹಾರ ಕಾಯ್ದೆಯಿಂದ ಸಣ್ಣ ರೈತರ, ಭೂಹೀನ ಕೂಲಿಕಾರರ ಖಾಸಗಿ ಸಾಲಗಳನ್ನೇ ಅಳಿಸಿತು.

ಕೇರಳ 2017ರಲ್ಲಿ 900 ಕೋಟಿ ತೆಗೆದಿಟ್ಟು ಓದಿನ ಸಾಲದ ಕಂತಿಗೆ ನೆರವು ಕೊಟ್ಟಿತು: ಮೊದಲ ವರ್ಷ ಶೇಕಡಾ 90, ಆಮೇಲೆ 75, 50, 25. ಕಾಸರಗೋಡಿನ ನಮ್ಮ ಕನ್ನಡದ ಮನೆಗಳೂ ಅದರ ವ್ಯಾಪ್ತಿಗೆ ಬಂದವು. ಮೆಚ್ಚಬೇಕಾದ್ದೇ, ಆದರೆ ಒಂದು ಕಾಲಕ್ಕೆ ಬಂದು ಹೋದ ನೆರವು. ನಮಗೆ ಬೇಕಾದ್ದು ಸಾಲಪತ್ರದಲ್ಲೇ ಅಚ್ಚಾದ ಕರಾರು. ಇಂಗ್ಲೆಂಡಿನಲ್ಲಿ ಅದು ಇದೆ. ನಿಗದಿತ ಆದಾಯ ದಾಟಿದ ಮೇಲೆ, ದಾಟಿದ ಭಾಗದ ಶೇಕಡಾ 9 ಮಾತ್ರ ಕಡಿತ. ಅವಧಿ ಮುಗಿದರೆ ಬಾಕಿ ರದ್ದು. ಅವಧಿ 30 ವರ್ಷ ಇತ್ತು, 2023ರಿಂದ ಸೇರಿದವರಿಗೆ 40 ಮಾಡಿದರು. ನಲವತ್ತು ವರ್ಷಕ್ಕೆ ಬರುವ ಬಿಡುಗಡೆ ಪೆನ್ಷನ್ ಜೊತೆಗೇ ಬರುತ್ತದೆ. ಅಂಥ ಮಾದರಿ ನಮಗೆ ಬೇಡ. ಅಮೆರಿಕದಲ್ಲಿ ಸರಕಾರಿ, ಸೇವಾ ಸಂಸ್ಥೆಗಳಲ್ಲಿ ದುಡಿದವರಿಗೆ 120 ಕಂತು ಕಟ್ಟಿದ ಮೇಲೆ ಉಳಿದ ಸರಕಾರಿ ಓದಿನ ಸಾಲ ಬಿಡುವ ಕಾನೂನು 2007ರದ್ದು. ನಮ್ಮ ಆಶಾ ಕಾರ್ಯಕರ್ತೆಗೆ, ಹಳ್ಳಿ ದವಾಖಾನೆಯ ನರ್ಸಿಗೆ ಅದು ಯಾಕಿರಬಾರದು?

ಯಾರ ದುಡ್ಡಿನಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದು. ಇದೇ ತಳೇಗಾಂವದಲ್ಲಿ 1908ರಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆ ಎದ್ದಿತು. ಅಂತಾಜಿ ದಾಮೋದರ ಕಾಳೆಯವರು ತಲೆಗೊಂದು ಪೈಸೆ ಎತ್ತಿದರು, ಲೋಕಮಾನ್ಯ ತಿಲಕರು ಬೆನ್ನಿಗೆ ನಿಂತರು, ಹೊರದೇಶದಲ್ಲಿ ಕಲಿತು ಬಂದ ಈಶ್ವರದಾಸ ವಾರ್ಷ್ಣೇಯರು ಹುಡುಗರಿಗೆ ಗಾಜಿನ ಕೆಲಸ ಕಲಿಸಿದರು. ಹುಡುಗರು ಕಸುಬು ಕಲಿಯುವುದು ಊರಿಗೆಲ್ಲ ಲಾಭ ಎಂದು ತಿಳಿದ ಜನ ಕೊಟ್ಟ ಪೈಸೆ ಅದು. ಇವತ್ತು ಗ್ಯಾರಂಟಿ ನಿಧಿಗೆ ಬಾಕಿಯ ಮೇಲೆ ವರ್ಷಕ್ಕೆ ಅರ್ಧ ಶೇಕಡಾ ಶುಲ್ಕ ಹೋಗುತ್ತಿದೆ. ಅದೇ ನಿಧಿಯನ್ನು ಹಿಗ್ಗಿಸಿ, ಹದಿನೈದು ವರ್ಷ ಪ್ರಾಮಾಣಿಕವಾಗಿ ಕಟ್ಟಿದವರ ಉಳಿಕೆಗೂ ಬಳಸಬಹುದು.

ಹಾಗಾದರೆ ಪೂರ್ತಿ ಕಟ್ಟಿದವರು ದಡ್ಡರೇ ಎಂದು ಕೇಳುವಿರಿ. ಕಟ್ಟಿದವರು ಕಟ್ಟಬಲ್ಲಷ್ಟು ದುಡಿದರು. ಅವರಿಗೆ ಓದು ಫಲ ಕೊಟ್ಟಿತು. ಆದಾಯ ಮುಚ್ಚಿಡುವವರೂ ಇರುತ್ತಾರೆ, ಇಲ್ಲವೆನ್ನುವುದಿಲ್ಲ. ಪಿಎಫ್ ಖಾತೆ, ಇನ್‌ಕಮ್ ಟ್ಯಾಕ್ಸು, ಆಧಾರ್ ಎಲ್ಲ ಜೋಡಿಸಿಟ್ಟ ಸರಕಾರಕ್ಕೆ ಒಬ್ಬನ ಪಗಾರ ಗೊತ್ತಾಗದು ಎಂದರೆ ನಂಬುವುದು ಕಷ್ಟ.

ಕೇಳಬೇಕಾದದ್ದು, ಮಾಡಬೇಕಾದದ್ದು

ಓದಿನ ಸಾಲದ ಮಾದರಿ ಯೋಜನೆಯನ್ನು ಮೊದಲು ರೂಪಿಸಿದ್ದು ಕೆನರಾ ಬ್ಯಾಂಕಿನ ಅಧ್ಯಕ್ಷರಾಗಿದ್ದ ಆರ್.ಜೆ. ಕಾಮತ್ ಅವರ ತಂಡ. 2001ರಲ್ಲಿ ಅದು ಎಲ್ಲ ಬ್ಯಾಂಕುಗಳಿಗೂ ಹೋಯಿತು. ಬ್ಯಾಂಕುಗಳ ಸಂಘ ಅದನ್ನು ಹಲವು ಸಲ ತಿದ್ದಿದೆ, ಇನ್ನೊಮ್ಮೆ ತಿದ್ದಲಿ. ಕಂತು ಕೈಗೆ ಬರುವ ಪಗಾರದ ಹತ್ತರಲ್ಲೊಂದು ಪಾಲು ಮೀರದಿರಲಿ. ಕಟ್ಟುವ ಒಟ್ಟು ಬಡ್ಡಿ ಅಸಲನ್ನು ದಾಟದಿರಲಿ. ಹದಿನೈದು ವರ್ಷಕ್ಕೆ ಕೊನೆಯಾಗಲಿ. ಓದಿದ ಮಗ ಅಥವಾ ಮಗಳು ತೀರಿಕೊಂಡರೆ, ದುಡಿಯಲಾರದಂತೆ ಅಂಗವಿಕಲರಾದರೆ, ಸಹಸಾಲಗಾರರಾದ ತಂದೆತಾಯಿಯ ಮೇಲಿನ ಬಾಕಿ ಅವತ್ತೇ ರದ್ದಾಗಲಿ. ಹೆಣ ಎತ್ತಿದ ಮನೆಗೆ ಕಂತಿನ ಎಸ್ಸೆಮ್ಮೆಸ್ ಬರುವುದು ನಿಲ್ಲಲಿ. ದಿವಾಳಿ ಸಂಹಿತೆಯ ಆ ಪಟ್ಟಿಯಿಂದ ವಿದ್ಯಾರ್ಥಿ ಸಾಲ ಎಂಬ ಪದಗಳನ್ನು ಸಂಸತ್ತು ತೆಗೆಯಲಿ.

ಅಲ್ಲಿಯವರೆಗೆ ಚುನಾವಣೆಯ ಮನ್ನಾ ಮಾತು ನಂಬಿ ಕಂತು ನಿಲ್ಲಿಸಬೇಡಿ. ಕೈ ಕಟ್ಟಿತೆನಿಸಿದರೆ ತೊಂಬತ್ತು ದಿನ ತುಂಬಿ ಎನ್‌ಪಿಎ (ಸುಸ್ತಿ ಸಾಲ) ಆಗುವ ಮೊದಲೇ, ಕಂತು ಇಳಿಸಿಕೊಡಿ ಎಂದು ಬ್ರಾಂಚಿಗೆ ಬರೆದು ಕೊಟ್ಟು ನಕಲಿನ ಮೇಲೆ ಸಿಕ್ಕಾ ಹಾಕಿಸಿಕೊಳ್ಳಿ. ಓದಲು ಬಾರದ ಭಾಷೆಯ ಹಾಳೆಗೆ ಸಹಿ ಬೇಡ. ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಮಾಡಿದರೆ ಹೊತ್ತು ಬರೆದಿಟ್ಟು ಬ್ಯಾಂಕಿಗೆ ದೂರು ಕೊಡಿ, 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ಬರೆಯಿರಿ. ವಿಚಾರಿಸಲು ಫೋನ್ 14448.

ಬೇಡಿಕೆಯ ಅರ್ಜಿಯನ್ನು ಮಾವಳ ಕ್ಷೇತ್ರದ ಸಂಸದರ ಮೂಲಕ ಲೋಕಸಭೆಗೆ ಸಲ್ಲಿಸಬಹುದು. ಕನ್ನಡದಲ್ಲೇ ಬರೆಯಿರಿ, ಹಿಂದಿ ಅಥವಾ ಇಂಗ್ಲಿಷ್ ಅನುವಾದ ಜೊತೆಗಿಟ್ಟು ಅದಕ್ಕೂ ಸಹಿ ಹಾಕಿರಬೇಕು. ಅರ್ಜಿಗೆ ಬೇರೆ ಯಾವ ಕಾಗದಪತ್ರವನ್ನೂ ಲಗತ್ತಿಸುವಂತಿಲ್ಲ.

ತಳೇಗಾಂವ ದಾಭಾಡೆಯ ಕೆಲವು ಕನ್ನಡ ಪಾಲಕರು